ತಲಿಶೂಲಿ ಬ್ಯಾಂಡಿನ ಜಮಖಾನ

ಸುಳ್ಳು ಹೇಳುವುದಕ್ಕೆ ನಾಲಿಗೆ ಬೇಕೆಂದು ಎಲ್ಲರೂ ತಿಳಿದಿರುತ್ತಾರೆ. ನನ್ನ ಅನುಭವದಲ್ಲಿ ಅದಕ್ಕೆ ಎರಡು ಚೌಕ ಕಂಸಗಳು, ಅವುಗಳ ನಡುವೆ ಒಂದು ಪದ, ಇಷ್ಟಿದ್ದರೆ ಸಾಕು. ಆ ಪದ ‘ಅಸ್ಪಷ್ಟ’. ಧ್ವನಿಮುದ್ರಣ ಕೇಳಿ ಅಕ್ಷರಕ್ಕಿಳಿಸುವ ಕೆಲಸ ಮಾಡಿದವರಿಗೆ ಇದು ಗೊತ್ತಿರುತ್ತದೆ. ಮಾತನಾಡುವವರು ನಡುವೆ ಕೆಮ್ಮಿದರೆ, ಪಕ್ಕದಲ್ಲಿ ಬಸ್ಸು ಹಾದುಹೋದರೆ, ಕುಕ್ಕರು ಕೂಗಿದರೆ, ಕೇಳದೆ ಹೋದ ಮಾತಿನ ಜಾಗದಲ್ಲಿ ನಾವು ಹಾಗೆ ಬರೆದು ಮುಂದೆ ಸಾಗುತ್ತೇವೆ. ಪ್ರಾಮಾಣಿಕರ ಪದ ಅದು. ಕೇಳಿಸಲಿಲ್ಲ ಎಂದು ಒಪ್ಪಿಕೊಳ್ಳುವ ಪದ. ಆ ಪದವನ್ನು ನಾನು, ನೀರಿನಷ್ಟು ತಿಳಿಯಾಗಿ ಕೇಳಿಸಿದ ಮಾತಿನ ಮೇಲೆ ಏಳು ಸಲ ಹಾಸಿದ್ದೇನೆ. ಎಂಟಲ್ಲ, ಏಳು. ತಪ್ಪೊಪ್ಪಿಗೆಯಲ್ಲಾದರೂ ಲೆಕ್ಕ ಸರಿಯಿರಲಿ.

ಬೇರೆ ಯಾರಾದರೂ ಹೀಗೆ ಮಾಡಿದ್ದರೆ ದೊಡ್ಡ ಮಾತಾಗುತ್ತಿರಲಿಲ್ಲ. ಆದರೆ ನಾನು, ಗಂಟೆ ಎಷ್ಟೆಂದು ಕೇಳಿದವರಿಗೆ ಹನ್ನೊಂದು ನಲವತ್ತಮೂರು ಎಂದು ಹೇಳುವ ಜಾತಿಯವಳು. ಅವ್ವ ಪಕ್ಕದ ಮನೆಯವರೊಂದಿಗೆ, “ಅರ್ಧಾ ತಾಸ ಆತ್ರಿ ಕರೆಂಟ್ ಹೋಗಿ” ಎಂದರೆ ಒಳಗಿನಿಂದ, “ಇಪ್ಪತ್ತೆರಡು ನಿಮಿಷ” ಎಂದು ತಿದ್ದಿರುತ್ತೇನೆ. ನವಲಗುಂದದ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಅತಿಥಿ ಉಪನ್ಯಾಸಕಿ. ದಿನಾ ಅಣ್ಣಿಗೇರಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಬಸ್ಸಿನಲ್ಲಿ ಪಕ್ಕದವರು ಮಾತಿಗೆಳೆಯದಂತೆ ಕಿಟಕಿಯ ಕಡೆ ಮುಖ ತಿರುಗಿಸುವುದನ್ನು ಒಂದು ಕಲೆಯಾಗಿ ಬೆಳೆಸಿಕೊಂಡಿದ್ದೇನೆ. ನನ್ನ ವಿಷಯವನ್ನು ನಾನಾಗಿ ಹೇಳುವ ರೂಢಿ ಇಲ್ಲ. “ನಮ್ಮಾಕಿ ಬಾಯಿ ಬಿಡಬೇಕಂದ್ರ ಜ್ವರ ನೂರಾ ಎರಡರ ಮ್ಯಾಲ ಇರಬೇಕ್ರಿ” ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಾಳೆ. ಇದು ಉತ್ಪ್ರೇಕ್ಷೆ. ನೂರಾ ಒಂದಕ್ಕೇ ನಾನು ಹೇಳಿದ ಉದಾಹರಣೆ ಇದೆ.

ಇಂಥ ನನ್ನನ್ನು ಕೆಡಿಸಿದ್ದು ಒಂದು ಪಂಕ್ ರಾಕ್ ಬ್ಯಾಂಡು.

ಮೇಘಾ ಎಂಬವಳು ಧಾರವಾಡದ ಹಾಸ್ಟೆಲ್ಲಿನಲ್ಲಿ ನನ್ನ ಕೋಣೆಯ ಗೆಳತಿ. ಹುಬ್ಬಳ್ಳಿಯವಳು. ನಾನು ಎರಡು ವರ್ಷಗಳಲ್ಲಿ ಆಡಿದಷ್ಟು ಮಾತನ್ನು ಅವಳು ಬೆಳಗಿನ ಚಹಾ ಆರುವುದರೊಳಗೆ ಆಡಿ ಮುಗಿಸುತ್ತಿದ್ದಳು. ಈಗ ಸಾಕ್ಷ್ಯಚಿತ್ರಗಳನ್ನು ಮಾಡುತ್ತಾಳೆ. ಹೋದ ವರ್ಷ ದಸರೆಗೆ ನಮ್ಮ ಮನೆಗೆ ಬಂದವಳು, ಅವ್ವ ಅಟ್ಟದಿಂದ ಇಳಿಸಿದ ಡಬ್ಬಿಯೊಂದರಲ್ಲಿ ಒಂದು ಕ್ಯಾಸೆಟ್ಟು ಕಂಡಳು. ಮೇಲೆ ನಮ್ಮ ಅಜ್ಜಿಯ ಅಕ್ಷರದಲ್ಲಿ ‘ಪ್ರವಚನ, ಭಾಗ ಎರಡು’ ಎಂದಿತ್ತು. ಟೇಪ್ ರಿಕಾರ್ಡರಿಗೆ ಹಾಕಿದರೆ ಮೊದಲು ಸ್ವಾಮಿಗಳೊಬ್ಬರ ತಣ್ಣನೆಯ ಧ್ವನಿ, “ಆದ್ದರಿಂದ ಮನಸ್ಸನ್ನು...” ಎಂದಿತು. ಅಷ್ಟರಲ್ಲಿ ತಗಡಿನ ಅಂಗಡಿಯೊಂದು ಮೆಟ್ಟಿಲ ಮೇಲಿಂದ ಉರುಳಿ ಬಿದ್ದಂಥ ಸಪ್ಪಳ. ಅದರ ಮೇಲೊಬ್ಬ ಮನುಷ್ಯ, “ಬಸ್ಸಿಲ್ಲ! ಬಸ್ಸಿಲ್ಲ! ಬರೂದs ಇಲ್ಲ!” ಎಂದು ಒಂದೂವರೆ ನಿಮಿಷ ಅರಚಿದ. ಅವನು ನಿಂತ ಕೂಡಲೇ ಸ್ವಾಮಿಗಳು, “...ಶಾಂತವಾಗಿ ಇಟ್ಟುಕೊಳ್ಳಬೇಕು” ಎಂದು ವಾಕ್ಯ ಮುಗಿಸಿದರು.

“ಯಾರ್ ಇವರು?” ಎಂದು ಮೇಘಾ ಕಣ್ಣು ಅಗಲಿಸಿ ಕೇಳಿದಳು.

ಅವ್ವ ಬದನೆಕಾಯಿ ಹೆಚ್ಚುತ್ತ, “ನಮ್ಮ ಶೇಖರ” ಎಂದಳು. “ತಲಿಶೂಲಿ ಅಂತ ಬ್ಯಾಂಡ್ ಮಾಡಿದ್ರು. ಹೆಸರಿಗೆ ತಕ್ಕ ತಲಿನೋವು. ನನ್ನ ಸೀರಿ ಪಿನ್ನೆಲ್ಲಾ ಅಂಗಿಗೆ ಚುಚಗೊಂಡ್ ಹೋಗ್ತಿದ್ದ. ಒಂದರೆ ತಂದು ಕೊಟ್ಟಾನೇನ್ ಕೇಳು.”

ಶೇಖರ ಎಂದರೆ ನನ್ನ ಕಾಕಾ, ಅಪ್ಪನ ತಮ್ಮ. ನಮ್ಮ ಮನೆಯ ಹಿಂದಿನ ಭಾಗದಲ್ಲಿ ಅವನ ಸಂಸಾರ. ಊರಿನ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ. ಕೊರಳಲ್ಲಿ ಸೀಟಿ, ಕಾಲಲ್ಲಿ ಸುಣ್ಣದಂಥ ಬಿಳಿ ಬೂಟು, ಅಂಗಿ ಚೊಣ್ಣದೊಳಗೆ ಸೇರಿಸದ ಹುಡುಗರನ್ನು ಮೈದಾನದ ತುಂಬ ಓಡಿಸುವ ಮನುಷ್ಯ. ಇವನು ಒಂದು ಕಾಲದಲ್ಲಿ ಅಂಗಿಯ ತೋಳು ಹರಿದು, ಅದಕ್ಕೆ ಅತ್ತಿಗೆಯ ಪಿನ್ನು ಚುಚ್ಚಿಕೊಂಡು ಡ್ರಮ್ಮು ಬಾರಿಸುತ್ತಿದ್ದ ಎಂದರೆ ಅವನ ವಿದ್ಯಾರ್ಥಿಗಳು ನಂಬಲಾರರು. ನಂಬಿದರೆ ಮರುದಿನದಿಂದ ಅಂಗಿ ಹೊರಗೇ ಬಿಟ್ಟುಕೊಂಡು ಬಂದಾರು. ಪಂಕ್ ಎಂದರೇನೆಂದು ಮೇಘಾ ಕೇಳಿದ್ದಕ್ಕೆ ಕಾಕಾ ಕವಾಯತು ಹೇಳಿಕೊಡುವ ಗತ್ತಿನಲ್ಲೇ ಉತ್ತರಿಸಿದ: “ಮೂರ ಸ್ವರ ಬರಬೇಕು. ಸಿಟ್ಟ ಬರಬೇಕು. ಬಾರಸಾಕ ಬರಬೇಕಂತೇನಿಲ್ಲ.” ಧಾರವಾಡದ ಹಾಸ್ಟೆಲ್ಲಿನಲ್ಲಿ ಒಂದೇ ಕೋಣೆಯಲ್ಲಿದ್ದ ಮೂವರಿಗೂ ಈ ಅರ್ಹತೆಗಳಿದ್ದವು. ಕಾಕಾ ಡ್ರಮ್ಮು, ನವಲಗುಂದದ ವಿಠ್ಠಲ ಹಾಡು, ಮಿಶ್ರಿಕೋಟಿಯ ಬಸಣ್ಣ ಗಿಟಾರು. ವಿಠ್ಠಲನ ಮನೆಯ ಹತ್ತಿ ತುಂಬುವ ಕೋಣೆಯಲ್ಲಿ ತಾಲೀಮು. ಹತ್ತಿ ಸಪ್ಪಳವನ್ನು ನುಂಗುತ್ತದೆ. ಹಾಗಾಗಿ ಹತ್ತಿ ಬಿಡಿಸಿ ತಂದಾಗಿನಿಂದ ಅದು ಮಾರಾಟವಾಗುವವರೆಗೆ ಮಾತ್ರ ಬ್ಯಾಂಡಿನ ಹಂಗಾಮು. ಒಳ್ಳೆಯ ದರ ಬಂದ ವರ್ಷ ಹತ್ತಿ ಬೇಗ ಹೋಗಿಬಿಟ್ಟು, ಒಂದೇ ಹಾಡು ತಯಾರಾಯಿತಂತೆ.

ಒಂದು ತಾಂತ್ರಿಕ ವಿವರ ಇಲ್ಲಿ ಹೇಳಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಕಾಕಾನ ದೊಡ್ಡ ಡ್ರಮ್ಮು ಶಾಲೆಯೊಂದರ ಕವಾಯತಿನ ಹಳೆಯ ನಗಾರಿ. ಅದನ್ನು ಅಡ್ಡ ಮಲಗಿಸಿ, ಹೊಲಿಗೆ ಯಂತ್ರದ ಪೆಡಲಿಗೆ ಒಂದು ಕೋಲು ಕಟ್ಟಿ, ಕಾಲಿನಿಂದ ಒದೆಯುವ ವ್ಯವಸ್ಥೆ. ನುಣುಪಾದ ಫರಸಿ ಕಲ್ಲಿನ ನೆಲದ ಮೇಲೆ ಪ್ರತಿ ಒದೆತಕ್ಕೂ ಅದು ಒಂದು ಬೆರಳು ಮುಂದೆ ಜರುಗುತ್ತಿತ್ತು. ಕಾಲೇಜಿನ ಗ್ಯಾದರಿಂಗಿನಲ್ಲಿ ಅದು ಜರುಗುತ್ತ ಜರುಗುತ್ತ ಬಂದು, ಕಣ್ಣು ಮುಚ್ಚಿ ಹಾಡುತ್ತಿದ್ದ ವಿಠ್ಠಲನನ್ನು ಹಿಂದಿನಿಂದ ದೂಡಿ ವೇದಿಕೆಯ ಕೆಳಗೆ ಇಳಿಸಿತು. ಜನ ಅದೂ ಹಾಡಿನ ಭಾಗವೆಂದು ಚಪ್ಪಾಳೆ ತಟ್ಟಿದರು. ಅಂದಿನಿಂದ ವಿಠ್ಠಲ ತನ್ನ ಮನೆಯಿಂದ ಒಂದು ಜಮಖಾನ ತರತೊಡಗಿದ. ಅದರ ಮೇಲಿಟ್ಟರೆ ಡ್ರಮ್ಮು ಕದಲುತ್ತಿರಲಿಲ್ಲ.

ಮೇಘಾ ಮೂವರನ್ನೂ ಹುಡುಕಿಕೊಂಡು ಹೋಗಿ ಮಾತನಾಡಿಸಿ, ಧ್ವನಿಯ ಫೈಲುಗಳನ್ನು ನನಗೆ ಕಳಿಸಿದಳು. “ನೀ ಬರದ್ರ ಒಂದ ಅಕ್ಷರ ಆಕಡೆ ಈಕಡೆ ಆಗೂದಿಲ್ಲ” ಎಂಬ ಹೊಗಳಿಕೆಯೊಂದಿಗೆ. ಅವಳ ಚಿತ್ರದ ಮುಖ್ಯ ಪ್ರಶ್ನೆ ಒಂದೇ: ತಲಿಶೂಲಿ ಒಡೆದದ್ದು ಯಾಕೆ? ಕಾಕಾ ಮತ್ತು ವಿಠ್ಠಲ ಇಪ್ಪತ್ತೈದು ವರ್ಷಗಳ ಮೇಲಾಯಿತು, ಒಬ್ಬರೊಂದಿಗೊಬ್ಬರು ಮಾತಾಡುವುದಿಲ್ಲ. ಒಂದು ವಿನಾಯಿತಿ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ಒಂದು ಮಧ್ಯಾಹ್ನ ನನ್ನ ಕೋಣೆಯ ಬಾಗಿಲು ಹಾಕಿಕೊಂಡು, ಚಪ್ಪಲಿ ಬಿಟ್ಟು, ಕುರ್ಚಿಯಲ್ಲಿ ಕುಳಿತು ಕಾಕಾನ ಫೈಲು ತೆರೆದೆ. ಮೊದಲ ಇಪ್ಪತ್ತು ನಿಮಿಷ ಸಂಗೀತದ ತಾತ್ತ್ವಿಕ ಭಿನ್ನಾಭಿಪ್ರಾಯ. ಹಾಡು ಆರಂಭಿಸುವಾಗ ನಾಲ್ಕು ಎಣಿಸಬೇಕು ಎಂಬುದು ಕಾಕಾನ ನಂಬಿಕೆ. ವಿಠ್ಠಲ ಮೂರಕ್ಕೇ ಆರಂಭಿಸುತ್ತಿದ್ದ. ಮೇಘಾ, “ಅಷ್ಟಕ್ಕs ಇಷ್ಟ ವರ್ಷ ಮಾತ ಬಿಟ್ರೇನ್ರಿ ಕಾಕಾ?” ಎಂದಳು. ಆಮೇಲೆ ಕಾಕಾ ತಗ್ಗಿದ ಧ್ವನಿಯಲ್ಲಿ ಹೇಳಿದ.

ಬ್ಯಾಂಡಿನ ಕೊನೆಯ ಕಾರ್ಯಕ್ರಮ ನಮ್ಮದೇ ಮನೆಯಲ್ಲಿ ನಡೆದಿತ್ತು. ಸಂದರ್ಭ, ಅಣ್ಣನ ಮಗಳನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವುದು. ಆ ಮಗಳು ನಾನು. ಎರಡು ಹಾಡಾದ ಮೇಲೆ ಹೆಂಗಸರು, “ಸಾಕ್ ನಿಲ್ಲಸರಪಾ, ಕೂಸ ಅಂಜತೈತಿ” ಎಂದು ಬಂದು ನಡುಮನೆ ವಶಪಡಿಸಿಕೊಂಡರು. ಕೂತುಕೊಳ್ಳಲು ಏನಾದರೂ ಬೇಕಲ್ಲ. ಯಾರೋ ಡ್ರಮ್ಮನ್ನು ಸರಿಸಿ ಅದರ ಬುಡದ ಜಮಖಾನವನ್ನು ಎಳೆದು ತೊಟ್ಟಿಲ ಕೆಳಗೆ ಹಾಸಿದರು. ಸೋದರತ್ತೆ ಕಿವಿಯಲ್ಲಿ ಹೆಸರು ಹೇಳಿದಳು, ಉಳಿದವರು ರೂಢಿಯಂತೆ ಅವಳ ಬೆನ್ನಿಗೆ ಗುದ್ದಿದರು. ಅಂದಿನ ಒಳ್ಳೆಯ ಡ್ರಮ್ಮು ಅದೇ ಆಗಿತ್ತೆಂದು ಕಾಕಾನೇ ಒಪ್ಪುತ್ತಾನೆ. ಆಮೇಲೆ ಆಹೇರ ಕೂಗುವುದು. ನಮ್ಮ ಓಣಿಯ ಗುರಣ್ಣಜ್ಜನಿಗೆ ಯಾರ ಮನೆಯ ಕಾರ್ಯದಲ್ಲೂ ಯಾರು ಏನು ಉಡುಗೊರೆ ಕೊಟ್ಟರೆಂದು ಕೂಗಿ ಹೇಳುವ ಚಟ. ಅಂದು ಮೊದಲ ಬಾರಿಗೆ ಅವರ ಕೈಗೆ ಮೈಕು ಸಿಕ್ಕಿತ್ತು, ಬ್ಯಾಂಡಿನ ಮೈಕು. ಬಟ್ಟೆ, ಬೆಳ್ಳಿಯ ಕಾಲ್ಗಡಗ, ಸ್ಟೀಲಿನ ಚರಿಗೆ ಎಲ್ಲವನ್ನೂ ಕೂಗಿ ಮುಗಿದರೂ ಮೈಕು ಬಿಡಲು ಮನಸ್ಸಾಗದೆ ಅವರು ಸುತ್ತ ನೋಡಿದರು. ತೊಟ್ಟಿಲ ಕೆಳಗೆ ಹೊಸದೊಂದು ಜಮಖಾನ ಕಂಡಿತು. “ಯಾರ್ದಿದು?” ಎಂದರು. “ವಿಠ್ಠಲಂದು” ಎಂದಿತು ಯಾವುದೋ ಮಗು. “ನವಲಗುಂದದ ವಿಠ್ಠಲ, ಕೂಸಿಗೆ, ನಾಕ ನವಲಿನ ಜಮಖಾನಿ, ಒಂದು!” ಎಂದು ಗುರಣ್ಣಜ್ಜ ಕೂಗಿಯೇಬಿಟ್ಟರು.

ನಮ್ಮ ಕಡೆ ಸಭೆಯಲ್ಲಿ ಕೂಗಿದ ಆಹೇರವನ್ನು ತಿರುಗಿ ಕೇಳುವಂತಿಲ್ಲ. ಕೇಳಿದರೆ ಕೊಟ್ಟವನ ಮಾನ ಹೋಗುತ್ತದೆ. ತಿರುಗಿ ಕೊಡುವಂತೆಯೂ ಇಲ್ಲ. ಕೊಟ್ಟರೆ ನಿನ್ನದೇನು ಬೇಕಾಗಿಲ್ಲ ಎಂದು ಮುಖದ ಮೇಲೆ ಎಸೆದಂತೆ. ಊಟಕ್ಕೆ ಕುಳಿತ ಜನ, “ದೋಸ್ತ ಅಂದ್ರ ಹಿಂಗ ಇರಬೇಕು ನೋಡ್ರಿ” ಎಂದು ವಿಠ್ಠಲನ ಎಲೆಗೆ ಹೋಳಿಗೆ ಹಾಕಿಸಿದರಂತೆ. ಅವನು ನಾಲ್ಕು ಹೋಳಿಗೆ ತಿಂದು, ಅಂಗಳಕ್ಕೆ ಬಂದು ಕಾಕಾನಿಗೆ, “ನಿಮ್ಮನಿ, ನಿಮ್ಮ ಮಂದಿ. ನೀ ಒಂದ ಮಾತ ಹೇಳಬೇಕಿತ್ತು” ಎಂದ. ಕಾಕಾ, “ಹಾಡಾಂವ ನೀನು. ಇಡೀ ಜಿಲ್ಲಾದಾಗ ದೊಡ್ಡ ಬಾಯಿ ನಿಂದು. ನೀ ಹೇಳಬೇಕಿತ್ತು” ಎಂದ. ಅವರಿಬ್ಬರ ನಡುವಿನ ಕೊನೆಯ ಮಾತು ಇದು.

ಇಷ್ಟು ಕೇಳುವ ಹೊತ್ತಿಗೆ ನನ್ನ ಪಾದಗಳು ನನಗರಿವಿಲ್ಲದೆ ಕುರ್ಚಿಯ ಅಡ್ಡಪಟ್ಟಿಯ ಮೇಲೇರಿದ್ದವು. ಏಕೆಂದರೆ ಅವುಗಳ ಕೆಳಗೆ ಒಂದು ಜಮಖಾನವಿತ್ತು. ಕೆಂಪು ನೆಲ, ನಡುವೆ ಚೌಕ, ನಾಲ್ಕು ಮೂಲೆಗೆ ನಾಲ್ಕು ನವಿಲು. ನಮ್ಮ ಮನೆಯಲ್ಲಿ ಯಾರ ಟವೆಲ್ಲನ್ನು ಯಾರು ಬೇಕಾದರೂ ಬಳಸುತ್ತಾರೆ, ಯಾರ ಚಪ್ಪಲಿ ಯಾರ ಕಾಲಿಗೆ ಹೋಗುತ್ತದೋ ಹೇಳಲಾಗದು. ನನ್ನದು ಮಾತ್ರವೇ ಆದ ವಸ್ತು ಇದೊಂದೇ. “ನಿನ್ನ ತೊಟ್ಟಲದ ಜಮಖಾನಿ” ಎಂದು ಅವ್ವ ನನ್ನ ಕೋಣೆಗೆ ಹಾಸಿಕೊಟ್ಟಿದ್ದಳು. ಅದರ ಮೇಲೆ ಬೋರಲು ಮಲಗಿ ಮೂರು ಪದವಿಗಳಿಗೆ ಓದಿದ್ದೇನೆ. ವಾಯವ್ಯ ಮೂಲೆಯ ನವಿಲಿನ ಬಾಲಕ್ಕೆ ಎರಡನೆಯ ಸೆಮಿಸ್ಟರಿನ ಮಸಿ ಬಿದ್ದಿದೆ. ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದು. ಕಾಕಾ ಎಂದೂ ನನ್ನ ಕೋಣೆಯ ಹೊಸ್ತಿಲು ದಾಟಿದವನಲ್ಲ. ಏನಿದ್ದರೂ ಬಾಗಿಲಲ್ಲೇ ನಿಂತು ಹೇಳುತ್ತಿದ್ದ. ಇಡೀ ಮನೆಯಲ್ಲಿ ನನ್ನ ಏಕಾಂತವನ್ನು ಗೌರವಿಸುವ ಮನುಷ್ಯ ಇವನೊಬ್ಬನೇ ಎಂದು ನಾನು ಅವನನ್ನು ಮನಸ್ಸಿನಲ್ಲೇ ಬಹಳ ಮೆಚ್ಚಿಕೊಂಡಿದ್ದೆ. ಅವನು ಗೌರವಿಸುತ್ತಿದ್ದದ್ದು ನನ್ನನ್ನಲ್ಲ, ಜಮಖಾನವನ್ನು ಎಂಬುದು ಅಂದು ತಿಳಿಯಿತು.

‘ವಿಠ್ಠಲನ ಮನಿಂದು ಒಂದು ಜಮಖಾನಿ ಇತ್ತು’ ಎಂದು ಕಾಕಾ ಹೇಳಿದ ಕಡೆ ನಾನು, ‘ವಿಠ್ಠಲನ ಮನಿಂದು ಒಂದು [ಅಸ್ಪಷ್ಟ] ಇತ್ತು’ ಎಂದು ಬರೆದೆ. ಬೆರಳುಗಳೇ ಬರೆದವು ಎನ್ನುವುದು ಸುಲಭ. ನಾನೇ ಬರೆದೆ. ಗುರಣ್ಣಜ್ಜನ ಕೂಗಿನ ಮೇಲೂ ಇನ್ನೊಂದು ಹಾಸಿದೆ.

ವಿಠ್ಠಲನ ಫೈಲಿನಲ್ಲಿ ಇನ್ನೂ ನಾಲ್ಕು ಬೇಕಾದವು. ವಿಠ್ಠಲ ಈಗ ನವಲಗುಂದದ ನ್ಯಾಯಾಲಯದಲ್ಲಿ ಕೆಲಸಕ್ಕಿದ್ದಾನೆ. ಮೊಕದ್ದಮೆ ಬಂದಾಗ ಹೊರಗೆ ಬಂದು ಪಕ್ಷಗಾರರ ಹೆಸರನ್ನು ಮೂರು ಸಲ ಕೂಗುವುದು ಅವನ ಕೆಲಸ. ಬಸ್ಸಿಲ್ಲ ಎಂದು ಅರಚಿದ ಗಂಟಲಿಗೆ ಸರ್ಕಾರಿ ನೌಕರಿ ಸಿಕ್ಕಿದೆ. ನಾನು ಹೇಳಿದ ವಿನಾಯಿತಿ ಇಲ್ಲಿಯದೇ. ಕಾಕಾ ಒಮ್ಮೆ ಅಪಘಾತವೊಂದರ ಸಾಕ್ಷಿ ಹೇಳಲು ಅಲ್ಲಿಗೆ ಹೋಗಬೇಕಾಯಿತು. ವಿಠ್ಠಲ ಹೊರಗೆ ಬಂದ. ಎದುರಿಗೆ ಎರಡು ಮಾರು ದೂರದಲ್ಲಿ ಕಾಕಾ ನಿಂತಿದ್ದಾನೆ. ವಿಠ್ಠಲ ಅವನ ತಲೆಯ ಮೇಲಿನ ಬೇವಿನ ಮರ ನೋಡುತ್ತ, ಇಡೀ ಆವರಣ ನಡುಗುವಂತೆ ಅವನ ಹೆಸರನ್ನು ಮೂರು ಸಲ ಕೂಗಿದ. ಮೂರನೆಯ ಕೂಗಿನವರೆಗೆ ಸುಮ್ಮನಿದ್ದು ಕಾಕಾ ಆ ಮರಕ್ಕೇ, “ಹಾಜರ ಅದೇನ್ರಿ” ಎಂದು ಉತ್ತರ ಕೊಟ್ಟು ಒಳಗೆ ಹೋದ. ಕಾಲು ಶತಮಾನದಲ್ಲಿ ಅವರ ಸಂಭಾಷಣೆ ಇಷ್ಟು.

ಮೇಘಾಳ ಎದುರು ವಿಠ್ಠಲ ಮೊದಲು ಧೈರ್ಯವಾಗಿಯೇ ಮಾತಾಡಿದ್ದ. “ಅಂವ ನಾಕ ಎಣಸಂತಿದ್ದ. ಸಿಟ್ಟ ಬಂದಾಗ ಯಾರರೆ ನಾಕ ಎಣಸ್ತಾರೇನ್ರಿ? ನನಗ ಮೂರs ಭಾಳ ಆಕ್ಕಿತ್ತು.” ಆಮೇಲೆ ಧ್ವನಿ ಇಳಿಯಿತು. ಆ ಜಮಖಾನ ಅವನ ತಾಯಿ ಗೌರವ್ವನಿಗೆ ತವರಿನವರು ಮದುವೆಯಲ್ಲಿ ಕೊಟ್ಟದ್ದು. ಹೊಸದರಂತೆ ಕಾಣುತ್ತಿದ್ದದ್ದು ಅವಳು ಅದನ್ನು ಪೆಟ್ಟಿಗೆಯಿಂದ ತೆಗೆಯುತ್ತಲೇ ಇರಲಿಲ್ಲವೆಂದು. ಇವನು ಕೇಳದೆ ಒಯ್ದಿದ್ದ. ಎಲ್ಲಿ ಎಂದು ಕೇಳಿದಾಗ, “ಒಗ್ಯಾಕ ಕೊಟ್ಟೇನಿ” ಎಂದುಬಿಟ್ಟ. “ಮುಂದ ಏನಾತು?” ಎಂದಳು ಮೇಘಾ. “ಮುಂದೇನ್ರಿ, ಇನ್ನೂ ಒಗದು ಬಂದಿಲ್ಲ.” ಅಷ್ಟರಲ್ಲಿ ಧ್ವನಿಮುದ್ರಣದಲ್ಲಿ ಒಳಗಿನಿಂದ ಮುದಿಧ್ವನಿಯೊಂದು, “ಯಾರಲೇ ವಿಠ್ಠಲ ಬಂದವರು? ಒಗ್ಯಾವರೇನು?” ಎಂದಿತು. ನಾನು ಹೆಡ್‌ಫೋನು ತೆಗೆದು, ಮತ್ತೆ ಹಾಕಿಕೊಂಡು, ‘ಯಾರಲೇ ವಿಠ್ಠಲ ಬಂದವರು? [ಅಸ್ಪಷ್ಟ]’ ಎಂದು ಬರೆದೆ. ಏಳರಲ್ಲಿ ಅತ್ಯಂತ ನೀಚವಾದದ್ದು ಇದೇ ಎಂದು ನನ್ನ ಅಭಿಪ್ರಾಯ.

ಬಸಣ್ಣ ಮಿಶ್ರಿಕೋಟಿಯಲ್ಲಿ ಭತ್ತ, ಗೋವಿನಜೋಳ ಬೆಳೆದುಕೊಂಡಿದ್ದಾನೆ. ಜೋಳ ಒಕ್ಕುವ ಯಂತ್ರದ ಪಕ್ಕದಲ್ಲೇ ನಿಂತು ಮಾತಾಡಿದ್ದರಿಂದ ಅವನ ಮಾತು ಹೆಚ್ಚುಕಡಿಮೆ ಎಲ್ಲವೂ ನಿಜಕ್ಕೂ ಅಸ್ಪಷ್ಟವಾಗಿತ್ತು. ಯಂತ್ರ ನಿಂತ ಒಂದು ಕ್ಷಣದಲ್ಲಿ ಮಾತ್ರ, “ನಾಕ ನವಲ ಇದ್ವು ನೋಡ್ರಿ ಅದಕ್ಕ” ಎಂದು ಗಂಟೆ ಬಾರಿಸಿದಂತೆ ಕೇಳಿತು. ಇಡೀ ಫೈಲಿನಲ್ಲಿ ಸ್ಪಷ್ಟವಾಗಿದ್ದ ಆ ಒಂದು ವಾಕ್ಯಕ್ಕೆ ನಾನು ಏಳನೆಯದನ್ನು ಬಳಸಿದೆ.

ಮುಂದಿನ ಶುಕ್ರವಾರ ಮೇಘಾ ಪ್ರತಿಯನ್ನು ಹಿಡಿದುಕೊಂಡು ಅಣ್ಣಿಗೇರಿಗೇ ಬಂದಳು. ನನ್ನ ಕೋಣೆಯಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಅವ್ವ ಕೊಟ್ಟ ಒಗ್ಗರಣೆ ಚುರುಮುರಿ ತಿನ್ನುತ್ತ ಹಾಳೆ ತಿರುವಿದಳು.

“ಇಲ್ಲೆ ಅಸ್ಪಷ್ಟ ಅಂತ ಬರದಿ. ಇಲ್ಲೂ. ಇಲ್ಲೂ.”

“ಸಪ್ಪಳ ಇತ್ತು” ಎಂದೆ.

“ಪ್ರಶ್ನಿ ಕೇಳಿದಾಕಿ ನಾನs ಅದೇನಲ್ಲ ಬೇ. ಎದುರಿಗೆ ಕುಂತು ನಾ ಕೇಳೇನಿ. ನನಗ ಕೇಳಿಸಿದ್ದು ನಿನಗ ಹೆಂಗ ಅಸ್ಪಷ್ಟ ಆತು?”

ಇಷ್ಟೆಲ್ಲ ನಿಖರವಾಗಿ ಯೋಚಿಸುವ ನನಗೆ ಈ ಒಂದು ಸಂಗತಿ ಹೊಳೆದೇ ಇರಲಿಲ್ಲ. ಮೇಘಾ ಮುಂದುವರಿಸಿದಳು. “ಬಸಣ್ಣ ಅಂದಿದ್ದು ಬರದೇ ಇಲ್ಲ ನೀನು. ನಾಕ ನವಲ ಇದ್ವು ಅಂದ.” ಎಂದವಳು ಚುರುಮುರಿಯ ಕೈಯನ್ನು ಬಾಯಿಯ ಹತ್ತಿರವೇ ನಿಲ್ಲಿಸಿ ಕೆಳಗೆ ನೋಡಿದಳು. ಬೆರಳು ಮಾಡಿ ಎಣಿಸತೊಡಗಿದಳು. “ಒಂದು. ಎರಡು. ಮೂರು...” ನನ್ನ ಮುಖ ನೋಡಿದಳು. “ನಾಕನೇದು ಎಲ್ಲೈತಿ?”

“ನೀನು ಅದರ ಮೇಲೆ ಕೂತಿದ್ದೀ” ಎಂದೆ.

ಮೇಘಾ ನಗಲೂ ಇಲ್ಲ, ಬೈಯಲೂ ಇಲ್ಲ. ಕೈಯಲ್ಲಿದ್ದ ಚುರುಮುರಿಯನ್ನು ತಿರುಗಿ ಬಟ್ಟಲಿಗೆ ಹಾಕಿದಳು. ಆಮೇಲೆ ಹೇಳಿದಳು: ನಾಡಿದ್ದು ಭಾನುವಾರ ವಿಠ್ಠಲನ ಮನೆಯಲ್ಲಿ ಕೊನೆಯ ಚಿತ್ರೀಕರಣ. ಮೂವರೂ ಸೇರಿ ಒಂದು ಹಾಡು ಹಾಡಲು ಒಪ್ಪಿದ್ದಾರೆ. ಆದರೆ ಕರಾರು ಒಂದಿದೆ. ವಿಠ್ಠಲ, ‘ಹಾಡ್ತೇನಿ, ಆದ್ರ ಅವನ ಜೋಡಿ ಮಾತಾಡೂದಿಲ್ಲ’ ಎಂದಿದ್ದಾನೆ. ಕಾಕಾ, ‘ಬಾರಸ್ತೇನಿ, ಮಾತಾಡೂದಿಲ್ಲ’ ಎಂದಿದ್ದಾನೆ. “ನನ್ನ ಪಿಚ್ಚರ ಹಂಗs ಗ್ವಾಡಿ ನೋಡಕೋತ ಮುಗೀತೈತಿ. ಇರ್ಲಿ ಬಿಡು. ಆದ್ರ ಆ ಮುದಿಕಿ ಇನ್ನೂ ಕೇಳ್ತಾಳ. ದಿನಾ ಕೇಳ್ತಾಳ.”

ಜಮಖಾನ ಕೊಟ್ಟುಬಿಡುತ್ತೇನೆ ಎಂದು ನಾನು ಹೇಳಿದೆನೆಂದು ನೀವು ಭಾವಿಸಿದರೆ ಅದು ನಿಮ್ಮ ಒಳ್ಳೆಯತನ. ನಾನು ಹೇಳಿದ್ದು, “ಅಳತೆ ತೆಗೆದುಕೊಂಡು ಅದೇ ಥರದ ಇನ್ನೊಂದು ನೇಯಿಸಬಹುದು” ಎಂದು. ಮೇಘಾ ನನ್ನನ್ನೇ ನೋಡಿದಳು. ಆ ನೋಟದ ಕೆಳಗೆ ನನಗೆ ವಾಯವ್ಯ ಮೂಲೆಯ ಮಸಿಯ ಕಲೆ ಬಹಳ ದೊಡ್ಡದಾಗಿ ಕಾಣತೊಡಗಿತು. “ಸರಿ” ಎಂದೆ.

ತೊಡಕು ಆದರೂ ತೀರಲಿಲ್ಲ. ಸಂಜೆ ಕಾಕಾನಿಗೆ ವಿಷಯ ತಿಳಿದು ಅವನು ಬಾಗಿಲಲ್ಲೇ ನಿಂತು, ಕೋಣೆಯೊಳಗೆ ನೋಡದೆ, “ಆಗೂದಿಲ್ಲ. ಸಭಾದಾಗ ಕೂಗಿದ್ದು. ತಿರುಗಿ ಒಯ್ದು ಕೊಟ್ರ ಅಂವ ಏನ್ ತಿಳಕೊಂಡಾನು?” ಎಂದ. ಆಗ ಅವ್ವ ಅಡುಗೆಮನೆಯಿಂದಲೇ ತೀರ್ಪು ಕೊಟ್ಟಳು. “ತಿರುಗಿ ಯಾಕ ಕೊಡ್ತಿ? ಅವರ ಮನ್ಯಾಗ ನೀವು ಆಹೇರ ಮಾಡ್ರಿ. ಬಂದಿದ್ದು ಕೂಗಿ ಬಂತು, ಹೋಗೂದೂ ಕೂಗೇ ಹೋಗ್ಲಿ.” ಕಾಕಾ, “ಅಲ್ಲೇನ್ ಕಾರ್ಯ ಐತಿ ವೈನಿ?” ಎಂದ. “ಮೈಕ್ ಇರತೈತಿಲ್ಲ? ನಾಕ ಮಂದಿ ಇರ್ತಾರಿಲ್ಲ? ಅದs ಸಭಾ.” ಮತ್ತೆ ಸೇರಿಸಿದಳು. “ಕೂಗೂದು ಮಾತ್ರ ಯಾರ ಹೆಸರಿಗೆ ಬಂದಿತ್ತೋ ಆಕೀನs ಕೂಗಬೇಕು.”

ತರಗತಿಯಲ್ಲಿ ಅರವತ್ತು ಜನರೆದುರು ಮಾತಾಡುತ್ತೇನಲ್ಲ ಎಂದು ಕೇಳಬಹುದು. ಅಲ್ಲಿ ನಾನು ಸರಾಸರಿಯ ಬಗ್ಗೆ ಮಾತಾಡುತ್ತೇನೆ, ನನ್ನ ಬಗ್ಗೆ ಅಲ್ಲ. ಆ ಎರಡು ದಿನ ನಾನು ಒಂದು ವಾಕ್ಯ ತಯಾರಿಸಿ ತಿದ್ದಿದೆ: ‘ಅಣ್ಣಿಗೇರಿಯಿಂದ ತೊಟ್ಟಿಲ ಕೂಸಿನ ಕಡೆಯಿಂದ ಗೌರವ್ವ ಆಯಿಗೆ ನಾಲ್ಕು ನವಿಲಿನ ಜಮಖಾನ ಒಂದು ಆಹೇರ.’ ಹನ್ನೊಂದು ಪದ. ಅನಗತ್ಯವಾದದ್ದು ಒಂದೂ ಇಲ್ಲ.

ಭಾನುವಾರ ವಿಠ್ಠಲನ ಅಂಗಳದಲ್ಲಿ ಎಲ್ಲ ಸಿದ್ಧವಾಗಿತ್ತು. ಕಾಕಾ ಶಾಲೆಯ ನಗಾರಿ ತಂದು ಫರಸಿಯ ಮೇಲೆ ಮಲಗಿಸಿದ್ದ. ಬಸಣ್ಣ ಗಿಟಾರಿನ ತಂತಿ ಬಿಗಿಯುತ್ತ ಇಬ್ಬರಿಗೂ ಬೇರೆ ಬೇರೆಯಾಗಿ ಅದೇ ಜೋಕು ಹೇಳುತ್ತಿದ್ದ. ಬಾಗಿಲ ಬಳಿ ಕುರ್ಚಿಯಲ್ಲಿ ಗೌರವ್ವ ಆಯಿ. ವಿಠ್ಠಲ ಬೇವಿನ ಮರ ಸಿಗದೆ ನೀರಿನ ಟಾಕಿಯನ್ನು ನೋಡುತ್ತಿದ್ದ. ಮೇಘಾ ಕ್ಯಾಮೆರಾ ಚಾಲೂ ಮಾಡಿ ನನಗೆ ಕಣ್ಣು ತೋರಿಸಿದಳು. ನಾನು ಸುರುಳಿ ಸುತ್ತಿದ ಜಮಖಾನವನ್ನು ಎದೆಗೆ ಅವಚಿಕೊಂಡು ಮೈಕಿನ ಮುಂದೆ ನಿಂತು ಹನ್ನೊಂದು ಪದಗಳನ್ನೂ ಹೇಳಿದೆ. ಒಂದೂ ಬಿಡಲಿಲ್ಲ.



“ಏನಂತು ಕೂಸು?” ಎಂದಳು ಗೌರವ್ವ ಆಯಿ.

“ಗೊತ್ತಾಗಲಿಲ್ಲಬೇ” ಎಂದು ವಿಠ್ಠಲ ನನ್ನ ಕಡೆ ತಿರುಗಿದ. ಅವನ ಕಣ್ಣು ನನ್ನ ತೋಳಿನ ಮೇಲೆ ನಿಂತಿತು. ಸುರುಳಿಯ ಅಂಚು ಸರಿದು ಒಂದು ನವಿಲಿನ ಕೊಕ್ಕು ಹೊರಗೆ ಕಾಣುತ್ತಿತ್ತು. ಅದನ್ನೇ ನೋಡಿದ. ಆಮೇಲೆ, ಅಷ್ಟು ವರ್ಷದ ನೌಕರಿಯ ಅಭ್ಯಾಸವೋ ಏನೋ, ನೆಟ್ಟಗೆ ನಿಂತು, ಮೈಕಿನ ಹಂಗಿಲ್ಲದೆ ಕೂಗಿದ. “ಅಣ್ಣಿಗೇರಿ ಶೇಖರಪ್ಪನ ಮನಿಯಿಂದ ಜಮಖಾನೀ!” ಎದುರು ಮನೆಯ ಬಾಗಿಲು ತೆರೆಯಿತು. “ಜಮಖಾನೀ!” ಓಣಿಯ ತುದಿಯಲ್ಲಿ ಸೈಕಲ್ಲೊಂದು ನಿಂತಿತು. ಮೂರನೆಯ ಸಲ ಕೂಗುವಾಗ ಗಂಟಲು ಒಡೆಯಿತು. “ಜಮಖಾನೀ...”

“ಹಾಜರ ಐತೋ ಮಾರಾಯಾ” ಎಂದ ಕಾಕಾ, ಡ್ರಮ್ಮಿನ ಹಿಂದಿನಿಂದ. ಈ ಸಲ ಮರಕ್ಕೆ ಹೇಳಲಿಲ್ಲ.

ಗೌರವ್ವ ಆಯಿ ಜಮಖಾನವನ್ನು ತೊಡೆಯ ಮೇಲೆ ಬಿಡಿಸಿಕೊಂಡು ಮೂಲೆಯಿಂದ ಮೂಲೆಗೆ ಕೈಯಾಡಿಸಿದಳು. ವಾಯವ್ಯ ಮೂಲೆಗೆ ಬಂದು ಕೈ ನಿಂತಿತು. “ಇಷ್ಟ ವರ್ಷ ಇಟಗೊಂಡು ಈ ಮಸಿ ಕಲೀನೂ ತಗ್ಯಾಕ ಆಗಲಿಲ್ಲೇನು ಇವರಿಗೆ? ಏನ್ ಒಗದ್ರೋ ಏನೋ. ಮುಂದಿನ ಸಲ ಇವರಿಗೆ ಕೊಡಬ್ಯಾಡೋ ವಿಠ್ಠಲ” ಎಂದಳು. ವಿಠ್ಠಲ, “ಇಲ್ಲಬೇ, ಕೊಡೂದಿಲ್ಲ” ಎಂದು ಮುಖ ಆಚೆ ತಿರುಗಿಸಿದ. ಸ್ವಲ್ಪ ಹೊತ್ತಿಗೆ ಆಯಿಯೇ ಅದನ್ನು ಕಾಕಾನ ಕಡೆ ದೂಡಿದಳು. “ಹಾಸ್ಕೋರಿ. ನಿಮ್ಮ ಡೋಲು ಜರಗತೈತಿ. ಹತ್ತಿ ಖೋಲ್ಯಾಗ ನಾ ನೋಡಿಲ್ಲಂತ ತಿಳದೀರೇನು?”

ಹಾಡು ಒಂದು ನಿಮಿಷ ನಲವತ್ತು ಸೆಕೆಂಡು ನಡೆಯಿತು. ಡ್ರಮ್ಮು ಒಂದು ಬೆರಳೂ ಕದಲಲಿಲ್ಲ. ಮುಗಿದ ಕೂಡಲೇ ಕಾಕಾ, “ಮತ್ತ ಮೂರಕ್ಕs ಸುರು ಮಾಡಿದೆಲ್ಲೋ” ಎಂದ. ವಿಠ್ಠಲ, “ನೀ ನಾಕ ಎಣಸೂದರಾಗ ನಮ್ಮವ್ವಗ ತೊಂಬತ್ತ ತುಂಬತಾವ” ಎಂದ. ಅಲ್ಲಿಂದ ಹಿಡಿದ ಜಗಳ ನಾವು ಬಸ್ಸು ಹತ್ತುವವರೆಗೂ ನಡೆಯಿತು. ಈಗಲೂ ದಿನಾ ಸಂಜೆ ಫೋನಿನಲ್ಲಿ ನಡೆಯುತ್ತಿದೆ. ಎಲ್ಲಿ ಎಂದರೆ ನನ್ನ ಕೋಣೆಯಲ್ಲಿ. ನೆಲ ಬರಿದಾದ ಮರುದಿನವೇ ಕಾಕಾ ಹೊಸ್ತಿಲು ದಾಟಿ ಒಳಗೆ ಬಂದ. ನಮ್ಮ ಮನೆಯಲ್ಲಿ ಸಿಗ್ನಲ್ಲು ಚೆನ್ನಾಗಿ ಸಿಗುವ ಜಾಗ ನನ್ನ ಕಿಟಕಿಯೆಂದು ಕಂಡುಹಿಡಿದ. ಮಾತಾಡುತ್ತ ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಾನೆ. ನಾಲ್ಕು ಎಣಿಸಿ.

ಚಿತ್ರ ಪೂರ್ತಿಯಾಯಿತು. ಕೊನೆಯ ದೃಶ್ಯದ ಅಡಿಬರಹವನ್ನು ನನಗೆ ಕೊಡದೆ ಮೇಘಾ ತಾನೇ ಬರೆದಳು. ಆ ದೃಶ್ಯದಲ್ಲಿ ನಾನಿದ್ದೇನೆ, ನನ್ನನ್ನು ನಂಬುವಂತಿಲ್ಲ ಎಂಬುದು ಅವಳ ಕಾರಣ. ನೋಡಿದೆ. ಹುಡುಗಿಯೊಬ್ಬಳು ಸುರುಳಿ ಹಿಡಿದು ಮೈಕಿನ ಮುಂದೆ ಬಂದು ನಿಲ್ಲುತ್ತಾಳೆ. ತುಟಿ ಅಲುಗುತ್ತದೆ. ಪರದೆಯ ಕೆಳಗೆ ಬಿಳಿ ಅಕ್ಷರದಲ್ಲಿ ‘[ಅಸ್ಪಷ್ಟ]’ ಎಂದು ಬರುತ್ತದೆ.

ನಾನು ಕೂಡಲೇ ಫೋನು ಮಾಡಿ, ಅದು ಹನ್ನೊಂದು ಪದಗಳ ವಾಕ್ಯವೆಂದೂ, ಲಿಖಿತ ಪ್ರತಿ ನನ್ನ ಬಳಿ ಇದೆಯೆಂದೂ ಆಕ್ಷೇಪಿಸಿದೆ. “ಕೇಳಿಸಿದ್ದಷ್ಟs ಬರದೇನಿ ನೋಡವಾ” ಎಂದಳು ಮೇಘಾ. ಹೆಡ್‌ಫೋನು ಹಾಕಿಕೊಂಡು, ಧ್ವನಿ ಪೂರ್ತಿ ಏರಿಸಿ ಹನ್ನೆರಡು ಸಲ ಕೇಳಿದೆ. ಏನು ಹೇಳಿದ್ದೇನೆಂದು ಗೊತ್ತಿದ್ದ ನನಗೂ ಒಂದೇ ಒಂದು ಪದವೂ ಕೇಳಿಸಲಿಲ್ಲ. ಅವಳು ಬರೆದದ್ದು ಸರಿಯಾಗಿತ್ತು.